ಒಡೆಯುವ ಕೋಲು

"ಬರೀ ಹಿಡ್ಕೊಂಡು ನಿಂತ್ರೆ ಏನು ಗೊತ್ತಾಗುತ್ತೆ? ಹೊಡೀರಿ," ಎಂದು ಮರ ಕಡೆಯುವ ಕಡಚಲಿನವನು ಗೋಡೆಯ ಗೂಟದಿಂದ ಇನ್ನೊಂದು ಪೂಲ್ ಕೋಲು ಇಳಿಸಿ ಅಣ್ಣನ ಕೈಗೆ ಕೊಟ್ಟ. "ಇದು ಹಗುರ. ನಿಮ್ಮಂಥ ತೋಳಿಗೆ ಇದೇ ಸರಿ."

ಅಣ್ಣ ಕೋಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ಅದರ ಉದ್ದಕ್ಕೂ ನೋಡಿದ. ದಿಮ್ಮಿಯ ಸೊಟ್ಟ ನೋಡುವ ಅಭ್ಯಾಸ ಅದು. ಕೋಲು ನೂಲು ಹಿಡಿದ ಹಾಗೆ ನೆಟ್ಟಗಿತ್ತು. ತಪ್ಪು ಹುಡುಕಿ ಬೇಡವೆನ್ನಲು ದಾರಿಯೇ ಇರಲಿಲ್ಲ.

ಕಡಚಲಿನವನ ಮನೆಯ ಮುಂಭಾಗದಲ್ಲಿ ಮಂಚದ ಕಾಲು, ಮೇಜಿನ ಕಾಲು, ತೊಟ್ಟಿಲ ಕಂಬಿ ಕಡೆಯುವ ಯಂತ್ರವಿತ್ತು. ಹಿತ್ತಿಲಲ್ಲಿ ತಗಡಿನ ಸೂರಿನ ಕೆಳಗೆ ಒಂದು ಹಳೇ ಪೂಲ್ ಮೇಜು. ಅದರ ಹಸಿರು ಬಟ್ಟೆಗೆ ಅಲ್ಲಲ್ಲಿ ತೇಪೆ. ಮಂಚದ ಕಾಲಿಗೆ ಬರುವವರು ಮುಂದಿನಿಂದಲೇ ಹೋಗಿಬಿಡುತ್ತಿದ್ದರು. ಕೋಲಿಗೆ ಬಂದವರನ್ನು ಮಾತ್ರ ಅವನು ಹಿತ್ತಿಲಿಗೆ ಕರೆಯುತ್ತಿದ್ದ. ತನ್ನೆದುರಿಗೆ ಚೆಂಡು ಒಡೆದು ತೋರಿಸದವರಿಗೆ ಅವನು ಒಡೆಯುವ ಕೋಲು ಕೊಡುತ್ತಿರಲಿಲ್ಲ. "ಆಮೇಲೆ ಬಂದು, ನಿನ್ನ ಕೋಲು ಸರಿ ಇಲ್ಲ ಅಂತ ಗಂಟಲು ಹರ್ಕೋತೀರಿ. ಸರಿ ಇಲ್ಲದ್ದು ಕೋಲೋ ಕೈಯೋ ಅಂತ ಇಲ್ಲೇ ತೀರ್ಮಾನ ಆಗ್ಲಿ," ಎನ್ನುವುದು ಅವನ ವಾದ.

ಈ ಮಾತು ಬಾಗಿಲಲ್ಲೇ ಕೇಳಿದಾಗ ಅಣ್ಣನಿಗೆ ಹಿಂದಿರುಗಿಬಿಡೋಣ ಅನ್ನಿಸಿತ್ತು. ಆದರೆ ತಮ್ಮ ಆಗಲೇ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗಿತ್ತು.

ಇಬ್ಬರೂ ಒಂದೇ ಸಾಮಿಲ್ಲಿನಲ್ಲಿ ಮರ ಕುಯ್ಯುವವರು. ಅಣ್ಣ ಗರಗಸದ ಮುಂದೆ ನಿಂತು ದಿಮ್ಮಿ ತಳ್ಳುತ್ತಿದ್ದ. ತಮ್ಮ ಆಚೆ ಕಡೆ ನಿಂತು, ಸೀಳಿ ಬಂದ ಹಲಗೆಯನ್ನು ಎಳೆದುಕೊಳ್ಳುತ್ತಿದ್ದ. ಮಿಲ್ಲಿನ ಬೀದಿಯ ಪೂಲ್ ಕ್ಲಬ್ಬಿನಲ್ಲಿ ಜೋಡಿ ಆಟವನ್ನೂ ಮಿಲ್ಲಿನ ಜನ ಹೀಗೇ ಹಂಚಿಕೊಂಡಿದ್ದರು. ತ್ರಿಕೋನವಾಗಿ ಜೋಡಿಸಿಟ್ಟ ಚೆಂಡುಗಳಿಗೆ ಮೊದಲ ಏಟು ಕೊಟ್ಟು ಚೆದುರಿಸುವುದು ಒಡೆಯುವವನ ಕೆಲಸ. ಅಷ್ಟು ಮಾಡಿ ಅವನು ಗೋಡೆಗೆ ಒರಗಿ ನಿಂತುಬಿಡಬೇಕು. ಆಮೇಲೆ ಒಂದೊಂದೇ ಚೆಂಡನ್ನು ತೂತಿಗೆ ಇಳಿಸುವುದು ಹಾಕುವವನ ಪಾಲು. ಬೇರೆ ಕಡೆಯ ಆಟಗಾರರು ಈ ಕಟ್ಟಳೆ ಕೇಳಿ ನಗುತ್ತಿದ್ದರು. ನಕ್ಕವರು ಬಂದು ಸೋತು ಹೋಗುವುದೂ ಇತ್ತು.

ಎಷ್ಟೋ ವರ್ಷ ಅಣ್ಣನೇ ಹಾಕುವವನಾಗಿದ್ದ. ಬೆಕ್ಕು ಹಾಲಿನ ಪಾತ್ರೆಗೆ ಬಾಯಿ ಹಾಕುವಷ್ಟು ಮೆಲ್ಲಗೆ ಚೆಂಡನ್ನು ತೂತಿನ ಅಂಚಿಗೆ ತಂದು ಬೀಳಿಸುತ್ತಿದ್ದ. ಕಳೆದ ಬೇಸಿಗೆಯಲ್ಲಿ ಒಂದು ದಿನ ಇದ್ದಕ್ಕಿದ್ದಂತೆ, "ನಿನ್ನ ಕೈ ಪಳಗಿದೆ ಕಣೋ, ಇನ್ಮೇಲೆ ನೀನೇ ಹಾಕು, ನಾನು ಒಡೀತೀನಿ," ಎಂದು ಪಾಳಿ ಬದಲಿಸಿದ. ತಮ್ಮ ಇದನ್ನು ಬೀದಿಗೆಲ್ಲ ಹೇಳಿಕೊಂಡು ಬಂದ. ಅಣ್ಣ ತಾನಾಗಿ ಜಾಗ ಬಿಟ್ಟುಕೊಟ್ಟ ಎಂದು ಹೇಳುವಾಗ ಅವನ ಕಣ್ಣು ತೇವವಾಗುತ್ತಿತ್ತು. ಒಂದೇ ಕೋಲಿನಲ್ಲಿ ಒಡೆಯುವುದೂ ಹಾಕುವುದೂ ನಡೆದು ಅದರ ತುದಿ ಅಣಬೆಯ ಹಾಗೆ ಅಗಲವಾಗಿತ್ತು. ಅಣ್ಣನಿಗೆಂದೇ ಒಂದು ಒಡೆಯುವ ಕೋಲು ಕೊಡಿಸಬೇಕೆಂದು ತಮ್ಮ ರಜೆಯ ದಿನ ನೋಡಿ, ಬಸ್ಸು ಹತ್ತಿಸಿ ಕರೆದುಕೊಂಡು ಬಂದಿದ್ದ.

"ಹೊಡಿ ಅಣ್ಣ, ಯಾಕೆ ನೋಡ್ತಾ ಇದೀಯ? ಹೆಣ್ಣು ನೋಡೋಕೂ ಇಷ್ಟು ಹೊತ್ತು ತಗೊಂಡಿರ್ಲಿಲ್ಲ ನೀನು," ಎಂದ ತಮ್ಮ.

ಅಣ್ಣ ಬಗ್ಗಿದ. ಎಡಗೈಯನ್ನು ಬಟ್ಟೆಯ ಮೇಲೆ ಊರಿ ಬೆರಳುಗಳ ನಡುವೆ ಕೋಲಿಟ್ಟ. ಬಲಗೈ ಹಿಂದೆ ಹೋಯಿತು. ಬಿಳಿ ಚೆಂಡಿನ ಹಿಂದೆ ಕೋಲಿನ ತುದಿ ನಿಲ್ಲಲಿಲ್ಲ. ಗಾಳಿಗೆ ಸಿಕ್ಕ ಕಡ್ಡಿಯ ಹಾಗೆ ಸಣ್ಣಗೆ ಅಲುಗಿತು. ಅವನು ಹಲ್ಲು ಕಚ್ಚಿ ಹಿಡಿತ ಬಿಗಿ ಮಾಡಿದ. ಬಿಗಿ ಮಾಡಿದಷ್ಟೂ ಅಲುಗಾಟ ಮೊಣಕೈಗೆ ಏರಿತು. ಇನ್ನು ಕಾಯುವುದು ಬೇಡವೆಂದು ರಪ್ಪನೆ ಹೊಡೆದ. ಬಿಳಿ ಚೆಂಡು ಪಕ್ಕಕ್ಕೆ ಪುಟಿದು ಮೇಜಿನಾಚೆ ಬಿದ್ದು, ಮಂಚದ ಕಾಲುಗಳ ರಾಶಿಯೊಳಗೆ ಉರುಳಿತು. ತ್ರಿಕೋನದ ಒಂದು ಮೂಲೆಯ ಚೆಂಡು ಮಾತ್ರ ಸೋಮಾರಿಯಂತೆ ಸ್ವಲ್ಪ ಸರಿಯಿತು.

"ಇನ್ನೊಂದ್ಸಲ," ಎಂದ ಕಡಚಲಿನವನು.

ಇನ್ನೊಂದು ಸಲವೂ ಹಾಗೇ ಆಯಿತು. ಈ ಸಲ ಕಡಚಲಿನವನು ಚೆಂಡಿನ ಕಡೆ ನೋಡಿರಲಿಲ್ಲ. ಅಣ್ಣನ ಮುಷ್ಟಿ ನೋಡುತ್ತಿದ್ದ. ಆಮೇಲೆ ಮುಖ ನೋಡಿ, ಕಣ್ಣು ಮಿಟುಕಿಸಿ ನಕ್ಕ.

"ಏನ್ ಯಜಮಾನ್ರೇ, ನಿನ್ನೆ ರಾತ್ರಿ ಸ್ವಲ್ಪ ಜಾಸ್ತಿ ಆಯ್ತಾ?" ಎಂದು ಹೆಬ್ಬೆರಳನ್ನು ಬಾಯಿಯ ಕಡೆ ಎತ್ತಿ ತೋರಿಸಿದ. "ಹೇಳ್ಕೊಳೋಕೆ ನಾಚಿಕೆ ಯಾಕೆ? ನನ್ನ ಕೈನೂ ಎಷ್ಟೋ ಬೆಳಿಗ್ಗೆ ಹೀಗೇ ಕುಣಿಯುತ್ತೆ. ಆವತ್ತು ಕಡೆದ ಮಂಚದ ಕಾಲಿನ ಮೇಲೆ ಯಾರ ಮದುವೆ ನಿಲ್ಲುತ್ತೋ ದೇವರಿಗೇ ಗೊತ್ತು!"

ಅಣ್ಣನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಷ್ಟು ಸುಲಭದ ದಾರಿ ಇತ್ತೇ ಎಂದುಕೊಂಡ. "ಹೂಂ, ಸ್ವಲ್ಪ ಜಾಸ್ತಿನೇ ಆಯ್ತು," ಎಂದು ತಾನೂ ನಕ್ಕ. "ಹಳೇ ಸ್ನೇಹಿತರು ಸಿಕ್ಕಿಬಿಟ್ರು."

ಹೇಳಿದ ಮೇಲೆ ಅವನಿಗೆ ತಮ್ಮನ ನೆನಪಾಯಿತು.

ತಮ್ಮ ನಗುತ್ತಿರಲಿಲ್ಲ. ಬಿದ್ದ ಬಿಳಿ ಚೆಂಡನ್ನು ರಾಶಿಯಿಂದ ಹುಡುಕಿ ತೆಗೆದು ಅಂಗಿಗೆ ಒರೆಸುತ್ತಿದ್ದವನು ಒರೆಸುವುದನ್ನು ನಿಲ್ಲಿಸಿದ್ದ. ಇಬ್ಬರೂ ಇರುವುದು ಒಂದೇ ಸೂರಿನಡಿ. ನಿನ್ನೆ ರಾತ್ರಿ ಇಬ್ಬರೂ ಒಟ್ಟಿಗೆ ಕೂತು ಉಂಡು, ಅಣ್ಣ ಎಲ್ಲರಿಗಿಂತ ಮೊದಲು ಮಲಗಿದ್ದ. ಅಪ್ಪ ಕುಡಿದು ಕುಡಿದು ಸತ್ತ ಮೇಲೆ ಆ ಮನೆಯಲ್ಲಿ ಯಾರೂ ಹೆಂಡದ ವಾಸನೆ ನೋಡಿದವರಲ್ಲ. ಜ್ವರದ ಔಷಧಿ ಘಾಟು ಬಂದರೂ ಅಣ್ಣ ಉಗುಳಿಬಿಡುತ್ತಿದ್ದ. ಅಂಥವನು ಹೊರಗಿನವನೆದುರು ನಗುನಗುತ್ತ ತಾನು ಕುಡುಕನೆಂದು ಒಪ್ಪಿಕೊಂಡಿದ್ದ.

"ಭಾರದ್ದು ಕೊಡಿ," ಎಂದ ಅಣ್ಣ ಅವಸರದಲ್ಲಿ. "ನನಗೆ ಭಾರದ್ದೇ ಬೇಕು."

"ಭಾರ ಯಾಕ್ರೀ? ಚೆಂಡು ಒಡೆಯೋದು ವೇಗ. ಭಾರದ್ದು ಮುದುಕರ ಕೋಲು. ಬಾಗಿಲಿಗೆ ಅಗುಳಿ ಹಾಕೋಕೆ ಬೇಕಿದ್ರೆ ಹೇಳಿ, ಕೊಡ್ತೀನಿ."

ಬೈದುಕೊಳ್ಳುತ್ತಲೇ ಅವನು ಮೂಲೆಯಿಂದ ಒಂದು ದಪ್ಪ ಬುಡದ ಕಪ್ಪು ಕೋಲು ತಂದ. ಅಣ್ಣ ಅದನ್ನು ಹಿಡಿದ. ಮರದ ತೂಕ ಮಣಿಕಟ್ಟಿಗೆ ಇಳಿಯಿತು, ಬೆರಳು ಸುಮ್ಮನಾಯಿತು. ಈ ಗುಟ್ಟನ್ನು ಅವನು ಬಹಳ ಹಿಂದೆಯೇ ಕಂಡುಕೊಂಡಿದ್ದ. ಖಾಲಿ ಕೈ ನಡುಗುತ್ತದೆ, ಹೊರೆ ಹೊತ್ತ ಕೈ ನಡುಗುವುದಿಲ್ಲ. ಅದಕ್ಕೇ ಈಚೆಗೆ ಅವನು ಎಲ್ಲಿಗೆ ಹೋದರೂ ಕೈಯಲ್ಲಿ ಏನಾದರೂ ಹಿಡಿದಿರುತ್ತಿದ್ದ. ತುಂಬಿದ ಕೊಡ, ಸೌದೆ ಹೊರೆ, ಏನೂ ಸಿಗದಿದ್ದರೆ ಮನೆಯ ಮಕ್ಕಳಲ್ಲಿ ಒಂದನ್ನು. ಡಾಕ್ಟರ ಹತ್ತಿರ ಹೋಗಿರಲಿಲ್ಲ. ಹೆಸರಿಲ್ಲದ ಕಾಯಿಲೆ ಇವತ್ತು ಬಂದು ನಾಳೆ ಹೋದೀತು. ಡಾಕ್ಟರು ಹೆಸರಿಟ್ಟರೆ ಮನೆಯಲ್ಲೇ ಚಾಪೆ ಹಾಸಿ ಕೂತುಬಿಡುತ್ತದೆ ಎಂದು ಅವನ ಲೆಕ್ಕ. ಮಿಲ್ಲಿನಲ್ಲೂ ಭಾರದ ದಿಮ್ಮಿ ತಳ್ಳುವಾಗ ತೊಂದರೆ ಇರಲಿಲ್ಲ. ದಿಮ್ಮಿ ಸವೆದು ಸವೆದು ಕೊನೆಗೆ ಬೆರಳಗಲದ ಹಲಗೆ ಉಳಿಯುವಾಗ ಮಾತ್ರ ಅವನ ಬೆನ್ನು ಬೆವರುತ್ತಿತ್ತು.

ಬಗ್ಗಿ ಹೊಡೆದ. ಚೆಂಡುಗಳು ಗುಂಡು ಸಿಡಿದಂತೆ ಸದ್ದು ಮಾಡಿ ಮೇಜಿನ ನಾಲ್ಕೂ ಮೂಲೆಗೆ ಓಡಿದವು. ಎರಡು ತೂತಿಗೆ ಬಿದ್ದವು.

"ಅಲೆಲೆ!" ಎಂದ ಕಡಚಲಿನವನು. "ಇದೇನ್ರೀ ಉಲ್ಟಾ! ಹಗುರದ್ದು ಭಾರ ಆಗುತ್ತೆ, ಭಾರದ್ದು ಹಗುರ ಆಗುತ್ತೆ. ನಿಮ್ಮ ಹೆಂಡದ ಅಂಗಡಿ ಯಾವುದು, ನನಗೂ ಹೇಳಿ."

ಅಣ್ಣ ತಮ್ಮನ ಕಡೆ ತಿರುಗಿದ. ತಮ್ಮ ಚೆಂಡುಗಳನ್ನು ನೋಡುತ್ತಿರಲಿಲ್ಲ. ತನ್ನ ಅಂಗಿಯ ಬಲತೋಳಿನ ಮೇಲೆ ಅತ್ತಿಗೆ ಹಾಕಿಕೊಟ್ಟ ಹೊಲಿಗೆಯನ್ನು ಬೆರಳಲ್ಲಿ ಸವರುತ್ತಿದ್ದ. ಹೋದ ತಿಂಗಳು ಒಂದು ತೆಳು ಹಲಗೆ ಗರಗಸಕ್ಕೆ ಓರೆಯಾಗಿ ಸಿಕ್ಕು ಸಿಡಿದು ಆ ತೋಳನ್ನು ಸೀಳಿಕೊಂಡು ಹೋಗಿತ್ತು. ಚರ್ಮ ಮುಟ್ಟಿರಲಿಲ್ಲ.

"ಆ ಭಾರದ್ದನ್ನೇ ಕಟ್ಟಿಕೊಡಿ," ಎಂದ ತಮ್ಮ.

ಬಸ್ಸು ಹತ್ತಿ, ಇಳಿದು ಇಬ್ಬರೂ ಮಿಲ್ಲಿನ ಬೀದಿಗೆ ನಡೆದರು. ಬಿಸಿಲು ಇನ್ನೂ ಇತ್ತು. ರಸ್ತೆ ಬದಿಯಲ್ಲಿ ತೊಗಟೆ ಸುಲಿದ ದಿಮ್ಮಿಗಳು ಸಾಲಾಗಿ ಬಿದ್ದಿದ್ದವು. ಅಲ್ಲಿ ತಮ್ಮ ನಿಂತ.

"ಆ ಹಲಗೇಲಿ ಗಂಟು ಇತ್ತು ಅಂದ್ಯಲ್ಲ ಅವತ್ತು."

"ಯಾವ ಹಲಗೆ?"

"ಯಾವುದು ಅಂತ ನಿನಗೆ ಗೊತ್ತು."

ಅಣ್ಣ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಇರ್ಲಿಲ್ಲ," ಎಂದ.

"ಆ ಕಡೆ ನಾನಿದ್ದೆ ಅಣ್ಣ."

"ಗೊತ್ತು ಕಣೋ."

"ಬೇರೆ ಯಾರೋ ಅಲ್ಲ. ನಾನು. ನೀನು ತಳ್ತಾ ಇದೀಯ ಅಂತ ನಾನು ಗರಗಸದ ಕಡೆ ನೋಡ್ತಾನೂ ಇರ್ಲಿಲ್ಲ. ಇಷ್ಟು ವರ್ಷ ಒಂದು ದಿನ ನೋಡಿಲ್ಲ." ತಮ್ಮನ ದನಿ ಏರಲಿಲ್ಲ. ಏರಿದ್ದರೆ ಅಣ್ಣನಿಗೆ ತಡೆದುಕೊಳ್ಳುವುದು ಸುಲಭವಿತ್ತು. "ಹಾಕೋ ಜಾಗ ನನಗೆ ಬಿಟ್ಟುಕೊಟ್ಟೆ ಅಂತ ಊರೆಲ್ಲ ಡಂಗುರ ಹೊಡೆದು ಬಂದೆ ನಾನು. ಎಂಥ ಪೆದ್ದ! ಮೇಜಿನ ಮೇಲೆ ನಿನ್ನ ಮಾನ ಹೋಗುತ್ತೆ ಅಂತ ಜಾಗ ಬಿಟ್ಟೆ. ಮಿಲ್ಲಲ್ಲಿ ಯಾಕೆ ಬಿಡ್ಲಿಲ್ಲ?"

"ಬಿಟ್ಟರೆ ಸಾಹುಕಾರ ಪೊರಕೆ ಕೊಡ್ತಾನೆ, ಇಲ್ಲ ಮನೆಗೆ ಕಳಿಸ್ತಾನೆ. ನನಗೆ ಇನ್ಯಾವ ಕೆಲಸ ಬರುತ್ತೋ? ಹುಷಾರಾಗಿ ಮಾಡ್ತೀನಿ ಅಂದ್ಕೊಂಡೆ. ಇವತ್ತು ಒಂದು ದಿನ, ಇವತ್ತು ಒಂದು ದಿನ ಅಂತ..."

"ನನ್ನ ಕೈ ಅಡ ಇಟ್ಟು."

ಅಣ್ಣ ಅವನ ಕಡೆ ಒಂದು ಹೆಜ್ಜೆ ಇಟ್ಟ. ತಮ್ಮ ಕಾಯಲಿಲ್ಲ. "ನಾನು ಯಾರಿಗೂ ಹೇಳಲ್ಲ. ಅತ್ತಿಗೆಗೂ ಹೇಳಲ್ಲ," ಎಂದು ಮುಂದೆ ನಡೆದ. ಜೊತೆಯಲ್ಲಿ ನಡೆಯುವಾಗ ಯಾವಾಗಲೂ ಅಣ್ಣನಿಗಿಂತ ಅರ್ಧ ಹೆಜ್ಜೆ ಹಿಂದಿರುತ್ತಿದ್ದವನು ಅಂದು ಹಿಂದಿರುಗಿ ನೋಡದೆ ಹೋದ.

ಮರುದಿನ ಅಣ್ಣ ಮಿಲ್ಲಿಗೆ ಒಬ್ಬನೇ ಬಂದ. ತಮ್ಮ ಬರುವುದಿಲ್ಲ, ಬಂದರೂ ಬೇರೆ ಗರಗಸಕ್ಕೆ ಹೋಗುತ್ತಾನೆ ಎಂದುಕೊಂಡಿದ್ದ. ಹಾಗಾದರೆ ಒಳ್ಳೆಯದು ಎಂದೂ ಅನ್ನಿಸಿತ್ತು. ಆದರೆ ತಮ್ಮ ಅವನಿಗಿಂತ ಮೊದಲೇ ಬಂದು ಗರಗಸದ ಆಚೆ, ದಿನಾ ನಿಲ್ಲುವ ಜಾಗದಲ್ಲಿ ನಿಂತಿದ್ದ.

"ಏನಿವತ್ತು ಅಣ್ಣತಮ್ಮಂದಿರು ಬೇರೆ ಬೇರೆ ಬಂದ್ರಿ? ಪಾಲು ಆಯ್ತಾ?" ಎಂದು ದಿಮ್ಮಿ ಉರುಳಿಸುವವನು ಕಿಚಾಯಿಸಿದ. ಅಣ್ಣ ಕಂಬದ ಮೇಲಿನ ಸ್ವಿಚ್ಚು ಒತ್ತಿದ.

ಮೋಟಾರು ಶುರುವಾಯಿತು. ಮೊದಲ ದಿಮ್ಮಿ ದೊಡ್ಡದು. ಅದರ ತೂಕಕ್ಕೆ ಒರಗಿ ಅಣ್ಣ ತಳ್ಳಿದ. ಹಲಗೆಗಳು ಒಂದರ ಹಿಂದೊಂದು ನೆಟ್ಟಗೆ ಆಚೆ ಹೋದವು. ಗರಗಸದ ಕಿರುಚಾಟದ ನಡುವೆ ಅಣ್ಣ ಒಂದೆರಡು ಸಲ ತಲೆಯೆತ್ತಿದ. ತಮ್ಮ ಹಲಗೆ ಎಳೆದುಕೊಂಡು ರಾಶಿಗೆ ಹಾಕಿ ಮತ್ತೆ ಬಂದು ನಿಲ್ಲುತ್ತಿದ್ದ. ದಿಮ್ಮಿ ಕರಗುತ್ತ ಬಂತು. ಮಧ್ಯಾಹ್ನದ ಊಟಕ್ಕೆ ಮುಂಚೆ ಅದರ ಕೊನೆಯ ಸೀಳು ಉಳಿಯಿತು. ಎರಡಾಗಿ ಕುಯ್ಯಬೇಕಾದ ತೆಳುವಾದ, ಉದ್ದನೆಯ ತುಂಡು. ಅದನ್ನು ಎತ್ತಿ ಗರಗಸದ ಮೇಜಿನ ಮೇಲಿಡುವಾಗಲೇ ಅದರ ತುದಿ ಬಡಿದುಕೊಂಡು ಟಕಟಕ ಎಂದಿತು. ಮೋಟಾರಿನ ಸದ್ದಿನಲ್ಲಿ ಅದು ಬೇರೆ ಯಾರಿಗೂ ಕೇಳಿಸುವಂತಿರಲಿಲ್ಲ.

ತಮ್ಮ ಅಂಗಿಯ ತೋಳು ಮೇಲಕ್ಕೆ ಮಡಿಸಿಕೊಂಡ. ಎರಡೂ ಕೈಗಳನ್ನು ಚಾಚಿ, ಹಲಗೆ ಬರಬೇಕಾದ ಜಾಗದಲ್ಲಿ ಅಂಗೈ ಮೇಲಾಗಿ ಇಟ್ಟ. ಅವನು ಗರಗಸದ ಕಡೆ ನೋಡಲಿಲ್ಲ. ಹಲಗೆಯ ಕಡೆಯೂ ನೋಡಲಿಲ್ಲ. ಇಷ್ಟು ವರ್ಷ ನಿಂತ ಹಾಗೆಯೇ ಅಣ್ಣನ ಮುಖ ನೋಡುತ್ತ ನಿಂತ.

ಅಣ್ಣ ತುಂಡನ್ನು ಗರಗಸದ ಹಲ್ಲಿನ ಹತ್ತಿರಕ್ಕೆ ತಂದ. ಅದರ ಗಾಳಿ ಅವನ ಬೆರಳಿಗೆ ತಾಗಿತು. ಒಂದು ಕ್ಷಣ ಹಾಗೇ ಹಿಡಿದಿದ್ದು, ಹಲಗೆಯನ್ನು ಹಿಂದಕ್ಕೆ ಎಳೆದುಕೊಂಡು, ಕಂಬದ ಕಡೆಗೆ ಕೈ ಚಾಚಿ ಸ್ವಿಚ್ಚು ಒತ್ತಿದ.

ಮೋಟಾರು ಉಸಿರು ಬಿಟ್ಟಂತೆ ಇಳಿಯಿತು. ದಿಮ್ಮಿ ಉರುಳಿಸುವವನು ಅಲ್ಲೇ ನಿಂತ. ಆಫೀಸಿನ ಕಿಟಕಿಯಿಂದ ಸಾಹುಕಾರ ತಲೆ ಹೊರಹಾಕಿದ. "ಏನಯ್ಯಾ ಅದು, ಕರೆಂಟ್ ಹೋಯ್ತಾ?"

"ಇಲ್ಲ ಸಾಹುಕಾರ್ರೇ, ಕರೆಂಟ್ ಇದೆ," ಎಂದ ಅಣ್ಣ. "ನಿಮ್ಮ ಹತ್ರ ಒಂದು ಮಾತು ಹೇಳೋದಿದೆ. ಬರ್ತೀನಿ."

ಹೇಳಿದನೇ ಹೊರತು ತಕ್ಷಣ ಕದಲಲಿಲ್ಲ. ತಮ್ಮ ಚಾಚಿದ ಕೈಗಳನ್ನು ಇನ್ನೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಇಬ್ಬರ ನಡುವೆ ಗರಗಸ ತಿರುಗುತ್ತಲೇ ಇತ್ತು, ಮೊದಲು ಬರೀ ಹೊಳೆಯುವ ಒಂದು ಗೆರೆಯಾಗಿ. ಆಮೇಲೆ ಆ ಗೆರೆ ಮಸುಕಾಗಿ, ಒರಟಾಗಿ, ಅದರ ಅಂಚಿನಲ್ಲಿ ಹಲ್ಲುಗಳು ಒಂದೊಂದಾಗಿ ಕಾಣಿಸಿಕೊಳ್ಳತೊಡಗಿದವು.