ಅಂಬಲಿ ಕುಡಿದ ಮೋಟರು

ನಮ್ಮ ಮನೆಯವರು ಬಂದಗಿಸಾಬರು ಸಿಂದಗಿಯ ಪೇಟೆಯಲ್ಲಿ ತೊಗರಿ ದಲಾಲಿ. ಅರವತ್ತೊಂದನೆಯ ಇಸವಿಯಲ್ಲಿ ಅವರು ಬಿಜಾಪುರದ ಒಬ್ಬ ಪಿಂಚಣಿ ಸಾಹೇಬನಿಂದ ಹಳೆಯ ವಿಲಾಯತಿ ಮೋಟರು ಕೊಂಡು ತಂದರು. ಮಾರಿದ ಮರುದಿನ ಆ ಸಾಹೇಬ ದರ್ಗಾಕ್ಕೆ ಹೋಗಿ ಹರಕೆಯ ಸಕ್ಕರೆ ಓದಿಸಿದನಂತೆ. ನಮ್ಮವರು ಅದನ್ನು ತಮ್ಮ ಬಗ್ಗೆ ಅವನಿಗಿದ್ದ ಗೌರವವೆಂದೇ ತಿಳಿದರು.

ಮೋಟರು ಬಂದ ಮೇಲೆ ಅವರಿಗೆ ನಡೆಯುವುದು ಮರೆತುಹೋಯಿತು. ಮಸೀದಿ ನಮ್ಮಿಂದ ನಾಲ್ಕು ಮನೆ ಆಚೆ. ಅಲ್ಲಿಗೂ ಮೋಟರಿನಲ್ಲೇ ಹೊರಡುತ್ತಿದ್ದರು. ಅದು ಚಾಲೂ ಆಗುವ ಹೊತ್ತಿಗೆ ಜನ ನಮಾಜು ಮುಗಿಸಿ ಮನೆಗೆ ಬರುತ್ತಿದ್ದರು.

ಇರಲಿ. ಆ ಮೋಟರಿನಿಂದ ನನಗೆ ಆಗಬೇಕಾಗಿದ್ದ ಕೆಲಸ ಒಂದೇ. ನಮ್ಮ ಮಗಳು ನಜಮಾಳನ್ನು ಬಾಗೇವಾಡಿಗೆ ಕೊಟ್ಟಿದ್ದೆವು. ಅವಳಿಗೆ ಏಳು ತಿಂಗಳು ನಡೆದಿತ್ತು. ಹಿಂದಿನ ವರ್ಷ ನಾನೇ ಹಟ ಹಿಡಿದು ಅವಳನ್ನು ಬಸ್ಸಿನಲ್ಲಿ ಕರೆಸಿಕೊಂಡಿದ್ದೆ. ಆ ದಾರಿಯ ಕುಲುಕಾಟಕ್ಕೆ ನಾಲ್ಕು ತಿಂಗಳದ್ದು ಉಳಿಯಲಿಲ್ಲ. ಅದಕ್ಕೇ ಈ ಸಲ ಅವಳ ಅತ್ತೆ ಖಾತುನಬಿ ಖಡಾಖಂಡಿತ ಹೇಳಿ ಕಳಿಸಿದ್ದಳು: ಮೋಟರು ತಂದರೆ ಸೊಸೆಯನ್ನು ಕಳಿಸುತ್ತೇನೆ, ಬಸ್ಸಿಗೆ ಇಲ್ಲ, ಚಕ್ಕಡಿಗೂ ಇಲ್ಲ. ಅದೂ ಎಂಟು ಬೀಳುವುದರೊಳಗೆ, ಯಾಕೆಂದರೆ ಎಂಟರಲ್ಲಿ ಬಸುರಿ ಊರ ಸೀಮೆ ದಾಟಬಾರದು. ಮುಂದಿನ ವಾರದ ಭಾನುವಾರಕ್ಕೆ ಎಂಟು ಬೀಳುತ್ತಿತ್ತು. ಅದರ ಹಿಂದಿನ ದಿನ, ಶನಿವಾರ, ಬರುತ್ತೇವೆಂದು ನಮ್ಮವರು ಮಾತು ಕೊಟ್ಟರು.

ಮಾತು ಕೊಟ್ಟ ಮೂರನೆಯ ದಿನ, ಆ ಶನಿವಾರಕ್ಕೆ ಆರು ದಿನ ಮೊದಲಿನ ಭಾನುವಾರ, ಮೋಟರು ಒಡೆಯಿತು.

ಸುಗ್ಗಿಯಲ್ಲಿ ನಮ್ಮ ಕಡೆ ತೊಗರಿ ಕಟ್ಟಿಗೆಯನ್ನು ಸಡಕಿನ ಮೇಲೆ ಹರವುತ್ತಾರೆ. ಬಸ್ಸು, ಲಾರಿ ತುಳಿದು ಹೋಗುತ್ತವೆ, ಕಾಳು ಬಿಡುತ್ತವೆ, ರಾಶಿ ಪುಕ್ಕಟೆ ಆಗುತ್ತದೆ. ಊರ ಹೊರಗೆ ಅಮೋಘಸಿದ್ಧ ಎಂಬ ರೈತ ಹಾಗೆ ಹರವಿಕೊಂಡು ಕೂತಿದ್ದ. ಸಾಹೇಬರೇ, ಎರಡು ಸಲ ಹಾದುಹೋದರೆ ದೊಡ್ಡ ಉಪಕಾರ ಎಂದ. ತಮ್ಮನ್ನು ಸಾಹೇಬ ಎಂದವನಿಗೆ ನಮ್ಮವರು ಎರಡೇ ಸಲ ಹೇಗೆ ಹಾದಾರು? ಎಂಟು ಸಲ ಹಾದರು. ಒಂಬತ್ತನೆಯ ಸಲ ಜನ ನೋಡಲಿ ಎಂದು ಬದಿಯಲ್ಲಿದ್ದ ಹೊಟ್ಟಿನ ಗುಡ್ಡೆಯೊಳಗೇ ಮೋಟರು ನುಗ್ಗಿಸಿದರು. ಹೊಟ್ಟು ಗಾಳಿಗೆ ಹಾರದಿರಲೆಂದು ಅಮೋಘಸಿದ್ಧ ಅದನ್ನು ರೋಣಗಲ್ಲಿಗೆ ಒತ್ತಿ ಗುಡ್ಡೆ ಹಾಕಿದ್ದ. ರೋಣಗಲ್ಲೆಂದರೆ ಕಣದಲ್ಲಿ ರಾಶಿ ತುಳಿಸುವ ಉರುಟು ಬಂಡೆ. ಅದಕ್ಕೇನೂ ಆಗಲಿಲ್ಲ.

"ಕಾಳ ಬಿಡಸ್ರಿ ಅಂದಿದ್ನಿ, ಕಲ್ಲ ಒಡೀರಿ ಅಂದಿದ್ದಿಲ್ಲಲ್ರಿ ಸಾಹೇಬ್ರ" ಎಂದನಂತೆ ಅವನು. ಆದರೂ ಒಳ್ಳೆಯವನು, ತನ್ನ ಎತ್ತುಗಳನ್ನೇ ಹೂಡಿ ಮೋಟರನ್ನು ನಮ್ಮ ಅಂಗಳಕ್ಕೆ ಮುಟ್ಟಿಸಿದ. ನಮ್ಮವರು ಒಳಗೆ ಕೂತು ಸ್ಟೇರಿಂಗು ತಿರುಗಿಸುತ್ತ ಪೇಟೆಯ ನಡುವೆ ಬಂದರು. ಎತ್ತುಗಳು ದಾರಿ ಬಿಡದಿದ್ದಾಗ ಹಾರ್ನು ಸಹ ಹೊಡೆದರಂತೆ.

ಬಂಪರು ಒಳಕ್ಕೆ ಮಡಚಿತ್ತು. ಎಡಗಡೆ ಮಡಗಾರ್ಡು ಗಾಲಿಗೆ ಅಂಟಿಕೊಂಡಿತ್ತು. ಒಂದು ದೀಪ ಒಡೆದಿತ್ತು, ಬಾನೆಟ್ಟು ಮುಚ್ಚುತ್ತಿರಲಿಲ್ಲ. ನೀರು ತಂಪು ಮಾಡುವ ರೇಡಿಯೇಟರಿಗೆ ಹಿಂದಿನ ಫ್ಯಾನು ಬಡಿದು ತೂತು ಬಿದ್ದಿತ್ತು.

ರಿಪೇರಿಗೆ ನಮ್ಮವರು ತಮ್ಮ ತಂಗಿಯ ಗಂಡ ಅಬ್ದುಲರಜಾಕನನ್ನು ಕರೆಸಿದರು. ಅವನು ಸೋಲಾಪುರದ ಗ್ಯಾರೇಜಿನಲ್ಲಿ ಎಂಟು ತಿಂಗಳು ಇದ್ದು ಬಂದವನು. ಅಲ್ಲಿ ಏನು ಮಾಡುತ್ತಿದ್ದ ಎಂದು ಯಾರೂ ಕೇಳಿರಲಿಲ್ಲ. ನಾನು ಒಮ್ಮೆ ಕೇಳಿದ್ದೆ. ಚಹಾ ತಂದುಕೊಡುತ್ತಿದ್ದನಂತೆ.

ಸೋಮವಾರ ಬಂಪರು ಎಳೆಯುವ ಕೆಲಸ. ಅಮೋಘಸಿದ್ಧನ ಎತ್ತುಗಳನ್ನೇ ಮತ್ತೆ ಕರೆಸಿ ಬಂಪರಿಗೆ ಸರಪಳಿ ಬಿಗಿದರು. ಎತ್ತು ಎಳೆದರೆ ಬಂಪರು ನೆಟ್ಟಗಾಗುತ್ತದೆ ಎಂದು ರಜಾಕನ ಲೆಕ್ಕ. ಹಿಂದಿನಿಂದ ಮೋಟರನ್ನು ಬೇವಿನ ಗಿಡಕ್ಕೆ ಕಟ್ಟಬೇಕೆಂಬುದು ಮಾತ್ರ ಲೆಕ್ಕದಲ್ಲಿರಲಿಲ್ಲ. ಎತ್ತುಗಳು ಮೋಟರನ್ನು ಕರೆದುಕೊಂಡು ತಮ್ಮ ಊರ ದಾರಿ ಹಿಡಿದವು. ಹೊಂಡದ ಹತ್ತಿರ ಹಿಡಿದು ತಂದರು. ಎರಡನೆಯ ಸಲ ನಾನು ಬಾವಿಯ ಹಗ್ಗ ತಂದು ಗಿಡದ ಬುಡದಲ್ಲಿ ಇಟ್ಟು ಸುಮ್ಮನೆ ಒಳಗೆ ಹೋದೆ. ಯಾರ ತಲೆಗೆ ಹೊಳೆಯಿತೋ, ಕಟ್ಟಿದರು. ಬಂಪರು ಬಂತು.

ಮಡಗಾರ್ಡನ್ನು ಕಂಬಾರ ಸೋಮನಿಂಗ ಬಿಚ್ಚಿಕೊಂಡ. ಕೆಲಸ ಬಲ್ಲವನು, ಅದಕ್ಕೇ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮರಳು ತುಂಬಿದ ಚೀಲದ ಮೇಲೆ ತಗಡು ಇಟ್ಟು, ಒಳಗಿನಿಂದ ಕಟ್ಟಿಗೆಯ ಕೊಡತಿಯಲ್ಲಿ ಮೆಲ್ಲಗೆ ಬಡಿಯುತ್ತ ತಗ್ಗು ಎಬ್ಬಿಸಿದ. ರಜಾಕ ಪಕ್ಕದಲ್ಲಿ ನಿಂತು, ಸೋಲಾಪುರದಲ್ಲಿ ಹೊರಗಿನಿಂದ ಬಡಿಯುತ್ತಾರೆ ಎಂದು ಎರಡು ದಿನ ಹೇಳಿದ.

ಉಳಿದದ್ದು ರೇಡಿಯೇಟರು. ನೀರು ಹಾಕಿದರೆ ಸುಮ್ಮನೆ ಅಂಗಳಕ್ಕೆ ಸೋರುತ್ತಿತ್ತು.

ನಮ್ಮ ಅಪ್ಪ ಸಾಲೋಟಗಿಯವನು. ಗಾಳಿ ಊದುವ ತಿದಿ ಹೊತ್ತು ಇಂಡಿ ಸಂತೆಯಲ್ಲಿ ತಾಮ್ರ ಹಿತ್ತಾಳೆ ಭಾಂಡೆಗಳಿಗೆ ಕಲಾಯಿ ಹಾಕುತ್ತಿದ್ದ, ಸೋರುವ ಹಂಡೆಗಳಿಗೆ ಬೆಸುಗೆ ಹಾಕುತ್ತಿದ್ದ. ಬೆಸುಗೆಗೆ ಅವನು ಕಾಯಿಸುತ್ತಿದ್ದ ಕಬ್ಬಿಣ ನನ್ನ ಪೆಟ್ಟಿಗೆಯಲ್ಲೇ ಇತ್ತು. ಆದರೆ ನಜಮಾಳ ಮದುವೆ ಮಾತಿನಲ್ಲಿ ನಮ್ಮವರು ಬೀಗರ ಮುಂದೆ, ನನ್ನ ಅಪ್ಪ ತಾಮ್ರದ ದೊಡ್ಡ ವ್ಯಾಪಾರಿ ಎಂದಿದ್ದರು. ಅಂದಿನಿಂದ ಆ ಕಬ್ಬಿಣ ಪೆಟ್ಟಿಗೆಯ ತಳಕ್ಕೆ ಹೋಗಿತ್ತು.

"ಅದನ್ನ ಬಿಚ್ಚಿ ಕೊಡ್ರಿ, ನಾ ಬೆಸಗಿ ಹಾಕ್ತೇನಿ" ಎಂದೆ.

"ಇದೇನ ನಿಮ್ಮಪ್ಪನ ಚರಗಿ ಅಂತ ತಿಳದಿಯೇನ? ವಿಲಾಯತಿ ಮಾಲ ಐತಿ ಇದು" ಎಂದರು.

ವಿಲಾಯತಿ ಮಾಲಿಗೆ ರಜಾಕ ಬೇರೆ ಔಷಧಿ ಹೇಳಿದ. ಸೋಲಾಪುರದಲ್ಲಿ ಅದರೊಳಗೆ ಅರಿಷಿಣ ಪುಡಿ ಹಾಕುತ್ತಾರಂತೆ, ಅದು ತೂತಿನಲ್ಲಿ ಕೂತು ಸೋರುವುದು ನಿಲ್ಲುತ್ತದಂತೆ. ಅಷ್ಟು ಅರಿಷಿಣ ಮನೆಯಲ್ಲಿ ಇರಲಿಲ್ಲ, ಜೋಳದ ಹಿಟ್ಟು ಡಬ್ಬಿ ತುಂಬ ಇತ್ತು. ಪುಡಿ ಯಾವುದಾದರೇನು ಎಂದು ಬುಧವಾರ ಇಬ್ಬರೂ ಸೇರಿ ಎರಡು ಸೇರು ಹಿಟ್ಟು, ಎರಡು ಕೊಡ ನೀರು ಸುರಿದು ಮೋಟರು ಚಾಲೂ ಮಾಡಿದರು. ಹತ್ತು ನಿಮಿಷಕ್ಕೆ ಅದರ ಬಾಯಿಂದ ಅಂಬಲಿ ಬಂತು. ಬಿಸಿಬಿಸಿ ಅಂಬಲಿ, ಹದವಾಗಿ ಕುದಿದದ್ದು. ಉಪ್ಪು ಮಜ್ಜಿಗೆ ಬೆರೆಸಿದರೆ ಓಣಿಗೆಲ್ಲ ಆಗುತ್ತಿತ್ತು. ತೂತಿನಿಂದಲೂ ಬಂತು.

ಗುರುವಾರ ಮುಂಜಾನೆ ಇಬ್ಬರೂ ಬಿಜಾಪುರದಿಂದ ಮಿಸ್ತ್ರಿಯನ್ನು ತರುತ್ತೇವೆಂದು ಬಸ್ಸಿಗೆ ಹೋದರು. ಹಾದಿಯ ಮೇಲೆ ಧೂಳು ಇಳಿಯುವ ತನಕ ಕಾದು, ಸೋಮನಿಂಗನನ್ನು ಕೂಗಿದೆ.

"ನಾಕ ಬೋಲ್ಟ ಅದಾವು, ಬಿಚ್ಚತೀಯೇನ?"

"ಸೋಮವಾರದಿಂದ ನೀವು ಕೇಳೂದನ್ನ ಕಾಯಾಕತ್ತೇನ್ರಿ ಅಕ್ಕಾರ" ಎಂದ.

ಮೊದಲ ಕೆಲಸ ಒಳಗಿನ ಅಂಬಲಿ ಇಳಿಸುವುದು. ಸೋಡಾ ಹಾಕಿದ ಬಿಸಿನೀರಿನಲ್ಲಿ ಏಳು ಸಲ ತೊಳೆದೆ. ಕೆಳಗಿನ ಬಾಯಿ ಮುಚ್ಚಿ ನೀರು ತುಂಬಿ, ಎಲ್ಲಿ ಹನಿಯುತ್ತದೆ ನೋಡಿ ಸುಣ್ಣದ ಬೊಟ್ಟು ಇಟ್ಟೆ. ಮೂರು ಕೊಳವೆ ಹರಿದಿದ್ದವು. ಒಂದಕ್ಕೆ ಜೀವವಿತ್ತು. ಉಳಿದ ಎರಡರ ತುದಿಗಳನ್ನು ಮುಚ್ಚಿಬಿಟ್ಟೆ. ಹಲ್ಲು ಎರಡು ಹೋದರೂ ಮನುಷ್ಯ ಊಟ ಮಾಡುತ್ತಾನೆ. ತಾಮ್ರ ಹೊಳೆಯುವ ತನಕ ಕೆರೆದು, ನವಸಾಗರ ಹಚ್ಚಿ, ತವರ ಹರಿಸಿದೆ. ಬೆಸುಗೆ ಸೋತರೆ ಹೋಗುವುದು ಹಂಡೆಯ ನೀರಲ್ಲ ಎಂಬುದು ಕೈಗೂ ಗೊತ್ತಿತ್ತು. ಸಂಜೆ ನೀರು ತುಂಬಿಟ್ಟು ಅದರ ಮುಂದೆಯೇ ಕೂತು ಒಂದು ಬುಟ್ಟಿ ಕಾಳು ಆರಿಸಿದೆ. ಒಂದು ಹನಿಯೂ ಬೀಳಲಿಲ್ಲ.

ನಮ್ಮವರು ಮಿಸ್ತ್ರಿ ಇಲ್ಲದೆ ಬಂದರು. ರೇಡಿಯೇಟರು ತನ್ನ ಜಾಗದಲ್ಲಿತ್ತು, ಹೊಸ ತವರ ಬೆಳ್ಳಗೆ ಹೊಳೆಯುತ್ತಿತ್ತು. ಅವರು ಕೆಳಗೆ ಬಗ್ಗಿ ನೋಡಿದರು, ಮೇಲೆದ್ದು ನನ್ನ ಮುಖ ಬಿಟ್ಟು ಎಲ್ಲ ಕಡೆ ನೋಡಿದರು.

"ಹಿಟ್ಟು ಈಗ ಕುಂತೈತಿ ನೋಡು" ಎಂದರು.

ಒಂದು ದಿನ ಬೇಕಾಗುತ್ತದೆ ಎಂದು ರಜಾಕ ತಲೆಯಾಡಿಸಿದ. ಸೋಮನಿಂಗ ಬಾಯಿ ತೆರೆದ. ನಾನು ಕಣ್ಣಿನಲ್ಲೇ ಮುಚ್ಚಿಸಿದೆ. ನನಗೆ ಬೇಕಾದದ್ದು ಮಗಳು.

ಶನಿವಾರ ಬಾಗೇವಾಡಿ ಮುಟ್ಟಿದೆವು. ಬಾನೆಟ್ಟಿಗೆ ಪುಂಡಿ ಹಗ್ಗ, ಒಂದೇ ಕಣ್ಣು. ಮುಂದೆ ರಜಾಕ ಮಿಸ್ತ್ರಿಯ ಠೀವಿಯಲ್ಲಿ ಕೂತಿದ್ದ. ಖಾತುನಬಿ ಹೊರಗೆ ಬಂದು ಮೋಟರನ್ನು ಒಂದು ಸುತ್ತು ಹಾಕಿದಳು, ಎಮ್ಮೆ ಕೊಳ್ಳುವವರು ಸುತ್ತುವ ಹಾಗೆ. ನಜಮಾ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಇದನ್ನು ಯಾರು ರಿಪೇರಿ ಮಾಡಿದ್ದು ಎಂದು ಖಾತುನಬಿ ಕೇಳಿದಳು. ಸೋಲಾಪುರದ ಮಿಸ್ತ್ರಿ ಎಂದರು ನಮ್ಮವರು.

"ಹಂಗಾರ ಅವ ಜೋಡಿ ಬರ್ಲಿ, ಬೀಗರ. ನಡು ಹಾದ್ಯಾಗ ಕೆಟ್ರ ನನ್ನ ಸೊಸಿ ಬಿಸಲಾಗ ಕುಂದರಬಾರದು. ಯಾರ ಕೈ ಹಚ್ಯಾರೋ ಅವರು ಗಾಡ್ಯಾಗ ಇದ್ರ ಕಳಸ್ತೇನಿ. ಇಲ್ಲಂದ್ರ ಇಲ್ಲ."

ನಮ್ಮವರು ರಜಾಕನ ಕಡೆ ನೋಡಿದರು. ದಾರಿಯಲ್ಲಿ ಏನಾದರೂ ಆದರೆ ಹೊಣೆ ಯಾರದೆಂದು ಅವನಿಗೆ ಆಗಲೇ ಹೊಳೆದಿತ್ತು. ಬಾಗೇವಾಡಿಯಲ್ಲಿ ತನಗೆ ಎರಡು ದಿನದ ಕೆಲಸವಿದೆ ಎಂದು ಇಳಿದುಬಿಟ್ಟ.

ನಾನು ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕೂತಿದ್ದೆ. ಹೇಳುವುದಾದರೆ ನಾನೇ ಹೇಳಬಹುದಿತ್ತು. ಆದರೆ ಹೆಂಡತಿ ಹೇಳಿದರೆ ಗಂಡನ ಮಾತು ಸುಳ್ಳಾಗುತ್ತದೆ, ಸುಳ್ಳರ ಮೋಟರಿಗೆ ಆ ಹೆಂಗಸು ಸೊಸೆಯನ್ನು ಕಳಿಸುವವಳಲ್ಲ. ನಜಮಾ ಗಂಟನ್ನು ಕೆಳಗಿಟ್ಟಳು. ಅದನ್ನು ನಮ್ಮವರೂ ನೋಡಿದರು.

"ನಮ್ಮ ಮನಿಯಾಕಿ ಹಾಕ್ಯಾಳ್ರಿ ಬೆಸಗಿ" ಎಂದರು, ಮೋಟರಿನ ಗಾಲಿಗೆ ಹೇಳುವವರ ಹಾಗೆ ತಲೆ ಬಗ್ಗಿಸಿ. "ಅಕಿ ಸಾಲೋಟಗಿ ಕಲಾಯಿಗಾರನ ಮಗಳು. ವ್ಯಾಪಾರಿ ಮಗಳಲ್ಲ. ಅಕಿ ಗಾಡ್ಯಾಗ ಅದಾಳ."

"ಕಲಾಯಿಗಾರನ ಮಗಳು ಅನ್ನೂದು ನಮಗ ಮದಿವಿ ಮಾತಿನ ದಿನಾನ ಗೊತ್ತಿತ್ತು. ಇಂಡಿ ಸಂತ್ಯಾಗ ನಮ್ಮವ್ವನ ಹಂಡೇಕ ಬೆಸಗಿ ಹಾಕಿದಾವ ನಿಮ್ಮ ಮಾವನ" ಎಂದಳು ಖಾತುನಬಿ. "ನೀವು ಯಾವಾಗ ಹೇಳ್ತೀರಿ ಅಂತ ನೋಡಾಕತ್ತಿದ್ನಿ."

ಅಷ್ಟೆಂದು ಒಳಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಸೊಸೆಯ ಗಂಟು, ಇನ್ನೊಂದು ಕೈಯಲ್ಲಿ ಸೋರುವ ಎರಡು ಪಾತೇಲಿ. ನನ್ನ ಕಾಲ ಹತ್ತಿರ ಇಟ್ಟು, ಮೊಮ್ಮಗನನ್ನು ನೋಡಲು ಬಂದಾಗ ಒಯ್ಯುತ್ತೇನೆ ಎಂದಳು.

ಹೊರಟೆವು. ನಜಮಾ ನನ್ನ ಭುಜಕ್ಕೆ ತಲೆ ಇಟ್ಟು ನಿದ್ದೆ ಹೋದಳು. ನಮ್ಮವರು ಎತ್ತಿನ ನಡಿಗೆಯಲ್ಲಿ ಮೋಟರು ನಡೆಸುತ್ತ, ಆಗಾಗ ನಿಲ್ಲಿಸಿ, "ನೀರ ನೋಡ್ತೀಯೇನ?" ಎಂದು ನನ್ನನ್ನೇ ಕೇಳುತ್ತಿದ್ದರು. ನೀರು ಇದ್ದಷ್ಟೇ ಇತ್ತು.

ಸಡಕಿನ ಬದಿಗೆ ಹೊಟ್ಟಿನ ಗುಡ್ಡೆ ದಾರಿಗೆ ಚಾಚಿಕೊಂಡಲ್ಲೆಲ್ಲ ಮೋಟರು ನಿಲ್ಲಿಸಿ, ಇಳಿದು, ಕಾಲಿನಿಂದ ಒದ್ದು ನೋಡಿ ಮುಂದೆ ಹೋದರು. ಮೊದಲಿನ ಎರಡರಲ್ಲಿ ಬರೀ ಹೊಟ್ಟು. ಮೂರನೆಯದರಲ್ಲಿ ಕಲ್ಲಿತ್ತು. ಅವರ ಕಾಲ ಹೆಬ್ಬೆರಳಿಗೆ ಮಾತ್ರ ನನ್ನ ಹತ್ತಿರ ಬೆಸುಗೆ ಇರಲಿಲ್ಲ.