ಸರಿ ಇದೆ ಅಂದ ಗಾಡಿಗಳು

ಸತ್ತ ಮೆಕ್ಯಾನಿಕ್ಕಿಗೆ ಎಡಗಿವಿ ಕೇಳುತ್ತಿರಲಿಲ್ಲ. ಹೆಣದ ವ್ಯಾನಿನ ಮುಂದೆ ನಡೆಯುತ್ತಿದ್ದವರು ಅದನ್ನೇ ಮಾತಾಡಿಕೊಳ್ಳುತ್ತಿದ್ದರು. ಒಂದೇ ಕಿವಿಯಲ್ಲಿ ಎಂಥ ಇಂಜಿನ್ನಿನ ರೋಗವನ್ನೂ ಹಿಡಿಯುತ್ತಿದ್ದ, ಎರಡೂ ಇದ್ದಿದ್ದರೆ ನಮ್ಮ ಮನೆ ಜಗಳವೂ ಕೇಳಿಸಿಬಿಡುತ್ತಿತ್ತು ಎಂದು ಟ್ಯಾಕ್ಸಿಯವನೊಬ್ಬ ಅಂದ. ಇಬ್ಬರು ನಕ್ಕು, ಮಗಳು ವ್ಯಾನಿನಲ್ಲಿರುವುದು ನೆನಪಾಗಿ ಸುಮ್ಮನಾದರು.

ಮಗಳು ಡ್ರೈವರನ ಪಕ್ಕ ಕೂತಿದ್ದಳು. ಆತ ಬ್ರೇಕ್ ತುಳಿದಾಗಲೆಲ್ಲ ಬಾನೆಟ್ಟಿನೊಳಗೆ ಬುಸ್ ಎನ್ನುತ್ತಿತ್ತು. ಮೂರನೇ ಸಲಕ್ಕೆ ಅವಳು ಮುಂದೆ ಬಾಗಿ ಕಿವಿಗೊಟ್ಟಳು. ಬ್ರೇಕಿಗೆ ಹೋಗುವ ರಬ್ಬರ್ ಪೈಪು ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆ. ಪೂರ್ತಿ ಬಾಯ್ಬಿಟ್ಟರೆ ಪೆಡಲು ಕಲ್ಲಾಗುತ್ತದೆ, ತುಳಿದರೂ ವ್ಯಾನು ನಿಲ್ಲುವುದಿಲ್ಲ. ಮುಂದೆ ಸ್ಮಶಾನದ ಇಳಿಜಾರು. ವ್ಯಾನಿನ ಮೂತಿಗೆ ತಾಗುವಂತೆ ನಲವತ್ತು ಬೆನ್ನುಗಳು, ಕೊನೆಯದು ಮಂಡಿನೋವಿನ ಚಿಕ್ಕಪ್ಪನದು.

"ಅಣ್ಣಾ, ನಿಲ್ಸಿ. ಪೈಪ್ ಸೋರ್ತಿದೆ."

"ಹೋದ ತಿಂಗಳು ನಿಮ್ಮಪ್ಪನೇ ಕಿವಿ ಕೊಟ್ಟು ನೋಡಿದ್ರಮ್ಮ. ಸರಿ ಇದೆ ಅಂದ್ರು."

ಅವಳು ಹ್ಯಾಂಡ್‌ಬ್ರೇಕ್ ಎಳೆದಳು.

*

ಈಚಿನ ನಾಲ್ಕು ವರ್ಷ ಅಪ್ಪ ಅವಳನ್ನು ಬಾನೆಟ್ಟಿನ ಎದುರು ನಿಲ್ಲಿಸಿಕೊಳ್ಳುತ್ತಿದ್ದ. ಮೊಳದುದ್ದದ ಪೈಪಿನ ಒಂದು ತುದಿ ಬಲಗಿವಿಗೆ, ಇನ್ನೊಂದು ಇಂಜಿನ್ನಿನ ಸಂದಿಗೊಂದಿಗೆ. "ಕೇಳಿಸ್ತೇನೇ?" ಎಂದು ಅವಳ ಮುಖ ನೋಡುತ್ತಿದ್ದ. ಅವಳು ಹುಬ್ಬು ಗಂಟಿಕ್ಕಿದಲ್ಲಿ ಅವನ ಕೈ ನಿಲ್ಲುತ್ತಿತ್ತು. ಬ್ರೇಕಿನ ಪೈಪಾದರೆ ಬಿರುಕು ಬಿಟ್ಟ ತುದಿಯನ್ನು ಕತ್ತರಿಸಿ, ಮಿಕ್ಕ ಪೈಪನ್ನು ಎಳೆದು ಕೂರಿಸಿ ಕ್ಲಿಪ್ ಬಿಗಿಯುತ್ತಿದ್ದ. ತನಗೆ ಕೆಲಸ ಕಲಿಸುತ್ತಿದ್ದಾನೆ ಎಂದುಕೊಂಡಿದ್ದಳು.

ಎರಡು ತಿಂಗಳ ಹಿಂದೆ ತನಗೆ ಬಸ್ ಡಿಪೋದಲ್ಲಿ ಕೆಲಸ ಸಿಕ್ಕಿತು ಎಂದು ಅವಳು ಹೇಳಿದಾಗ ಅಪ್ಪ ಬಹಳ ಹೊತ್ತು ಒಂದೇ ಸ್ಪ್ಯಾನರ್ ಒರೆಸುತ್ತ ಕೂತ. ಆಮೇಲೆ ಹೋಗು ಅಂದ.

*

ಚಿಕ್ಕಪ್ಪ ಕುಂಟುತ್ತ ಬಂದು, ಅಪ್ಪನ ಹೆಣ ಇಟ್ಟುಕೊಂಡು ಇವತ್ತೂ ರಿಪೇರಿನಾ ಎಂದು ಗದರಿದ. ಅವಳು ಬಾನೆಟ್ ಎತ್ತಿ ಪೈಪಿನ ತುದಿಯನ್ನು ಬಗ್ಗಿಸಿದಳು. ಬಿರುಕಿನೊಳಗೆ ಉಗುರು ಹೋಯಿತು; ತಿಂಗಳಿಗಿಂತ ಹಳೆಯ ಬಿರುಕು. ಆ ಸದ್ದು ಮಾರು ದೂರಕ್ಕೂ ಕೇಳುವಂತಿತ್ತು.

"ಚಿಕ್ಕಪ್ಪ, ಅಪ್ಪಂಗೆ ಬಲಗಿವೀನೂ ಹೋಗಿತ್ತು."

ಆತ ಬಂದು ಬಾನೆಟ್ಟನ್ನು ಎತ್ತಿ ಹಿಡಿದುಕೊಂಡ.

ಡ್ರೈವರನ ಚಾಕುವಿನಿಂದ ತುದಿ ಕತ್ತರಿಸಿ, ಪೈಪು ಕೂರಿಸಿದಳು. ಬುಸುಗುಡುವುದು ನಿಂತಿತು. ಆಗ ಹಿಂದೆ ಸಾಲುಗಟ್ಟಿದ್ದ ಗಾಡಿಗಳು ಕಣ್ಣಿಗೆ ಬಿದ್ದವು. ಹನ್ನೊಂದೂ ಅಪ್ಪನ ಗಿರಾಕಿಗಳವು. ಈ ಎರಡು ತಿಂಗಳಲ್ಲಿ ಅಪ್ಪನಿಂದ ಸರಿ ಇದೆ ಅನ್ನಿಸಿಕೊಂಡವು ಯಾವುವು ಎಂದು ಕೇಳಿದಳು.

ಏಳು ಕೈಗಳು ಎದ್ದವು. ಅವಳು ಒಂದೊಂದರ ಪಕ್ಕವೂ ನಿಂತು ಬ್ರೇಕ್ ತುಳಿಸುತ್ತ ಹೋದಳು. ಇಳಿಜಾರಿನಲ್ಲಿದ್ದವರು ಒಬ್ಬೊಬ್ಬರಾಗಿ ರಸ್ತೆ ಬಿಟ್ಟು ಸರಿದರು.

ಏಳರಲ್ಲಿ ನಾಲ್ಕು ಬುಸುಗುಟ್ಟಿದವು.