ಎರಡೂಮುಕ್ಕಾಲು ರಾಚಯ್ಯನವರು

ರಾಚಯ್ಯನವರು ಮೂರು ಎಣಿಸುತ್ತಿರಲಿಲ್ಲ. ಬರುತ್ತಿರಲಿಲ್ಲವೆಂದಲ್ಲ, ವಿದ್ಯಾಗಿರಿಯ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಗ್ರಂಥಪಾಲಕರಾಗಿದ್ದು, ಸಾವಿರಾರು ಪುಸ್ತಕಗಳನ್ನು ಅಂಕಿ ತಪ್ಪದಂತೆ ಕಪಾಟಿಗೇರಿಸಿದ ಮನುಷ್ಯನಿಗೆ ಮೂರೆಂಬುದು ಯಾವ ಘನವಿದ್ಯೆ? ಎಣಿಸುತ್ತಿರಲಿಲ್ಲ, ಅಷ್ಟೇ. ಕ್ಯಾಂಟೀನಿನಲ್ಲಿ ಚಹಾ ತಡವಾದರೆ ಅವರ ಬಲ ಅಂಗೈ ಮೇಜಿನ ಮೇಲೆ ಚಪ್ಪಟೆಯಾಗಿ ಬೀಳುತ್ತಿತ್ತು, ಒಂದು. ಎದ್ದು ಮತ್ತೆ ಬೀಳುತ್ತಿತ್ತು, ಎರಡು. ಮೂರನೆಯ ಸಲ ಎದ್ದ ಕೈ ಮೇಜಿಗಿಂತ ನಾಲ್ಕು ಬೆರಳು ಮೇಲೆ ಗಕ್ಕನೆ ನಿಲ್ಲುತ್ತಿತ್ತು. "ಎರಡೂಮುಕ್ಕಾಲ" ಎಂದು ಗೊಣಗಿ, ಚಹಾ ಬರುವತನಕ ಆ ಕೈಯನ್ನು ಹಾಗೆಯೇ ಹಿಡಿದುಕೊಂಡು ಕೂಡುತ್ತಿದ್ದರು. ಹೊಸದಾಗಿ ಸೇರಿದ ಉಪನ್ಯಾಸಕರು ಇದನ್ನು ಯಾವುದೋ ಯೋಗಮುದ್ರೆ ಎಂದು ತಿಳಿದದ್ದೂ ಉಂಟು.

ಅದು ಟೀವಿಯ ಕುಸ್ತಿಯಿಂದ ಬಂದ ಮುದ್ರೆ. ಆ ಅಮೆರಿಕದ ಕುಸ್ತಿಯಲ್ಲಿ ಒಬ್ಬ ಇನ್ನೊಬ್ಬನನ್ನು ಅಂಗಾತ ಒತ್ತಿ ಹಿಡಿದಾಗ ತೀರ್ಪು ಹೇಳುವ ಪಂಚ ನೆಲಕ್ಕೆ ಮೂರು ಸಲ ಕೈ ಬಡಿಯುತ್ತಾನೆ. ಮೂರನೆಯದು ಬಿದ್ದರೆ ಆಟ ಮುಗಿಯಿತು. ಎರಡಕ್ಕೂ ಮೂರಕ್ಕೂ ನಡುವಿನ ಆ ಕಣ್ಣೆವೆ ಮಿಟುಕುವಷ್ಟು ಹೊತ್ತಿನಲ್ಲಿ ಸತ್ತಂತೆ ಬಿದ್ದವನ ಹೆಗಲು ನೆಲದಿಂದ ಎದ್ದುಬಿಡುವುದುಂಟು. ರಾಚಯ್ಯನವರು ಬದುಕಿದ್ದದ್ದೇ ಆ ಎದ್ದ ಹೆಗಲಿಗಾಗಿ ಎಂದರೆ ಅತಿಶಯೋಕ್ತಿಯಲ್ಲ. ಜಂಗಮರಾದ ಅವರಿಗೆ ಊರು ಎರಡೂಮುಕ್ಕಾಲು ಅಯ್ನಾರು ಎಂದು ಹೆಸರಿಟ್ಟಿತು, ಅವರು ಅದನ್ನು ಬಿರುದೆಂದೇ ಹೊತ್ತರು.

ಐವತ್ತೆರಡು ಕಿಲೋ ತೂಕದ ಆ ಕೃಶಕಾಯ ನಡೆಯುವಾಗ ಮೊಣಕೈಗಳು ಪಕ್ಕೆಗೆ ತಾಗುತ್ತಿರಲಿಲ್ಲ. ತೋಳಿನಲ್ಲಿ ಅಪಾರ ಮಾಂಸಖಂಡ ಇರುವವರಂತೆ ಕೈಗಳನ್ನು ಅಗಲಿಸಿಕೊಂಡು, ನವನಗರದ ಓಣಿಯಲ್ಲಿ ದಾರಿ ತೆರವಾಗುವುದನ್ನು ನಿರೀಕ್ಷಿಸುತ್ತ ಬರುತ್ತಿದ್ದರು. ದಾರಿ ಹೇಗೂ ಖಾಲಿಯೇ ಇರುತ್ತಿತ್ತು ಎನ್ನುವುದು ಬೇರೆ ಮಾತು. ನಡುವಿಗೆ ಟೀವಿಯ ಮಲ್ಲರು ಗೆದ್ದು ಕಟ್ಟಿಕೊಳ್ಳುವಂಥ ಗೇಣಗಲದ ಚರ್ಮದ ಪಟ್ಟಿ, ಅದಕ್ಕೆ ಇಳಕಲ್ಲಿನಲ್ಲಿ ಹೇಳಿ ಮಾಡಿಸಿದ, ನಂದಿಯ ಮುಖವಿದ್ದ ಹಿತ್ತಾಳೆಯ ಬಿಲ್ಲೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ನಡುವಿನಲ್ಲಿ ಆ ಜಗಜಟ್ಟಿಯ ಪಟ್ಟ. ಗ್ರಂಥಾಲಯದಲ್ಲಿ ಪಿಸುಮಾತಿಗೂ ಕಣ್ಣು ಕೆಂಪಗೆ ಮಾಡುತ್ತಿದ್ದ ಈ ಮೌನಪಾಲಕ, ಕುಸ್ತಿಯ ವಿಷಯ ಬಂದರೆ ಮಾತ್ರ ಕಟ್ಟೆಯೊಡೆದ ಹೊಳೆಯಾಗುತ್ತಿದ್ದರು.

ವಾರವಾರದ ಕುಸ್ತಿಗೆ ಅವರು ಸಣ್ಣಾಟ ಎನ್ನುತ್ತಿದ್ದರು; ಅಮೆರಿಕದವರು ಬೇರೆಯಾಗಿ ಹಣ ತೆತ್ತು ನೋಡುವ, ನಮಗೆ ಸೋಮವಾರದ ನಸುಕಿನಲ್ಲಿ ಕಾಣುವ ಪೇ-ಪರ್-ವ್ಯೂಗೆ ದೊಡ್ಡಾಟ. ದೊಡ್ಡಾಟದ ಸೋಮವಾರ ತಪ್ಪದೆ ರಜೆ. ಅಯ್ನಾರು ಸೋಮವಾರ ರಜೆ ಹಾಕಿದರೆ ಯಾರು ಏಕೆಂದು ಕೇಳುತ್ತಾರೆ? ಏನೋ ವ್ರತವಿರಬೇಕೆಂದು ಕಚೇರಿ ಭಕ್ತಿಯಿಂದ ಸಹಿ ಮಾಡುತ್ತಿತ್ತು.

ಒಮ್ಮೆ ಹೆಡ್ ಕ್ಲಾರ್ಕ್ ಶಿವಪ್ರಕಾಶರ ಕಿವಿಗೆ "ನಾಳಿ ಮುಂಜಾನಿ ನಮ್ಮ ಮನ್ಯಾಗ ದೊಡ್ಡಾಟ ಐತಿ" ಎಂಬ ಮಾತು ಬಿತ್ತು. ನಮ್ಮ ಕಡೆ ರಾತ್ರಿಯಿಡೀ ಆಡುವ ಬಯಲಾಟಕ್ಕೂ ದೊಡ್ಡಾಟವೆಂದೇ ಹೆಸರು; ಅವರು ಅದರ ಹುಚ್ಚಿನವರು, ಹರೆಯದಲ್ಲಿ ದುಶ್ಶಾಸನನ ವೇಷ ಕಟ್ಟಿದವರು. ಬೆಳಗಿನ ಜಾವಕ್ಕೇ ಶಾಲು ಹೊದ್ದು, ಹಾಡುವ ಮೇಳದವರಿಗೆಂದು ಎಲೆ ಅಡಿಕೆ ಕಟ್ಟಿಕೊಂಡು ಬಂದರು. ಬಂದು ನೋಡಿದರೆ ಮೇಳವೂ ಇಲ್ಲ, ಮದ್ದಳೆಯೂ ಇಲ್ಲ, ಟೀವಿಯೊಳಗೆ ಇಬ್ಬರು ಚಡ್ಡಿ ಗಂಡಸರು. ಪಾಪ, ಮರ್ಯಾದೆಗೆಂದು ಕುಳಿತವರು ಮೂರು ತಾಸು ಏಳಲಿಲ್ಲ. ಕೊನೆಗೆ ಎದೆಯಲ್ಲಿದ್ದದ್ದನ್ನು ಕೇಳಿಯೇಬಿಟ್ಟರು.

"ಅಲ್ರಿ ಅಯ್ನಾರ, ಇದೆಲ್ಲಾ ಮೊದಲ ಮಾತಾಡಿಕೊಂಡ ಮಾಡೂ ಸುಳ್ಳ ಬಡಿದಾಟ ಅಲ್ಲೇನ್ರಿ?"

"ನೀವು ದುಶ್ಯಾಸನ ಆದಾಗ ಭೀಮ ನಿಮ್ಮ ಕರುಳ ಖರೇನ ಬಗೀತಿದ್ದನೇನ್ರಿ?" ಎಂದರು ರಾಚಯ್ಯನವರು. "ನೀವು ಸಾಯ್ತೀರಿ ಅನ್ನೂದು ಊರಿಗೇ ಗೊತ್ತಿತ್ತು. ಹೆಂಗ ಸಾಯ್ತೀರಿ ಅಂತ ನೋಡಾಕ ಮಂದಿ ಬರ್ತಿದ್ದರು."

ಶಿವಪ್ರಕಾಶರು ತಂದಿದ್ದ ಎಲೆ ಅಡಿಕೆಯನ್ನು ಟೀವಿಯ ಮುಂದಿಟ್ಟು ಮನೆಗೆ ಹೋದರು.

ಮಂಗಳವಾರ ಕ್ಯಾಂಟೀನಿನಲ್ಲಿ ತೀರ್ಪು. ಕನ್ನಡ ಕಲಿಸುತ್ತಿದ್ದ ನನಗೆ ಕುಸ್ತಿಯಲ್ಲಿ ಆಸಕ್ತಿಯಿಲ್ಲದಿದ್ದರೂ ಆ ತೀರ್ಪಿನ ವಾಗ್ವೈಖರಿಗಾಗಿ ಕಿವಿಗೊಡುತ್ತಿದ್ದೆ. ಮಲ್ಲರ ಇಂಗ್ಲಿಷ್ ಹೆಸರುಗಳನ್ನು ಅವರು ಎಂದೂ ಹೇಳಲಿಲ್ಲ. ಎಲ್ಲರಿಗೂ ತಾವೇ ನಾಮಕರಣ ಮಾಡಿದ್ದರು. ಬೆಂಕಿ ಹೊಗೆಗಳ ನಡುವೆ ಅರ್ಧ ತಾಸು ನಡೆದು ಬಂದು ಐದು ನಿಮಿಷ ಸೆಣಸುವವನು ಮೆರವಣಿಗಿ ಮಲ್ಲ. ಕುರ್ಚಿ ಎತ್ತಿ ಹೊಡೆಯುವವರನ್ನು ಕಂಡರೆ ಅವರಿಗಾಗದು. "ಕುರ್ಚಿ ಕೂಡಾಕ ಮಾಡ್ಯಾರ" ಎಂಬ ಒಂದೇ ವಾಕ್ಯದಲ್ಲಿ ಅವರ ವಿಲೇವಾರಿ. ಇಬ್ಬರ ಸೆಣಸು ಹದಕ್ಕೆ ಬಂದಾಗ ಮೂರನೆಯವನೊಬ್ಬ ಹೊರಗಿನಿಂದ ಓಡಿಬಂದು ಆಟ ಕೆಡಿಸಿದರೆ, ಮದುವೆಯಲ್ಲಿ ಅಕ್ಕಿಕಾಳಿನ ಹೊತ್ತಿಗೆ ಬೀಗರು ಜಗಳ ತೆಗೆದಷ್ಟು ಸಂಕಟಪಡುತ್ತಿದ್ದರು. ಒಂದು ದೊಡ್ಡಾಟದ ಯೋಗ್ಯತೆಯನ್ನು ಅದರಲ್ಲಿ ಎಷ್ಟು ಎರಡೂಮುಕ್ಕಾಲು ಬಂದವು ಎಂಬುದರಿಂದ ಅಳೆಯಬೇಕೆಂಬುದು ಅವರ ಸಿದ್ಧಾಂತ.

ಇನ್ನೊಂದು ಸಿದ್ಧಾಂತವಿತ್ತು, ಅದು ಇದಕ್ಕಿಂತ ಆಳದ್ದು. ಅವರು ಗೆದ್ದವನನ್ನು ನೋಡುತ್ತಲೇ ಇರಲಿಲ್ಲ. "ಎತ್ತಾಂವನ್ನ ಏನ ನೋಡ್ತೀರಿ ಸರ, ಬೀಳಾಂವನ್ನ ನೋಡ್ರಿ. ಅಂವ ನೆಟ್ಟಗ ಬಿದ್ದರ ಎದುರಿಗಿನಾಂವ ಭೀಮ ಆಗ್ತಾನ, ಇಲ್ಲಂದ್ರ ಹಮಾಲ ಆಗ್ತಾನ" ಎನ್ನುತ್ತಿದ್ದರು. ಹೀಗಾಗಿ ಅವರ ಆರಾಧ್ಯದೈವ ಇಪ್ಪತ್ತು ವರ್ಷದಿಂದ ಸೋಲುತ್ತಲೇ ಬಂದ ಒಬ್ಬ ಮುದಿ ಮಲ್ಲ, ಡೊಂಕಮೂಗ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ನಾನೊಮ್ಮೆ ಆಡಿದ್ದಕ್ಕೆ ಅವರು ನನ್ನನ್ನು ಕನಿಕರದಿಂದ ನೋಡಿ, "ಮೀಸಿಗಿ ಮಣ್ಣ ಹತ್ತಲಿಲ್ಲಂದ್ರ ಅಂವ ಮನಸಿಟ್ಟ ಬಿದ್ದಿಲ್ಲ" ಎಂದಿದ್ದರು. "ಚಲೋ ಬಿದ್ದ" ಎಂಬುದು ಅವರ ನಿಘಂಟಿನ ಅತ್ಯುನ್ನತ ಪ್ರಶಂಸೆ. ನಾನು ಕೇಳಿದಂತೆ ಅದು ಡೊಂಕಮೂಗನೊಬ್ಬನಿಗೇ ಸಂದಿತ್ತು.

ಈ ಎಲ್ಲ ವೈಭವಕ್ಕೂ ಮನೆಯಲ್ಲಿ ಬೆನ್ನು ಮಾಡಿ ಕೂಡುತ್ತಿದ್ದವರು ಪತ್ನಿ ಬನಶಂಕರಿಯವರು. ಅದು ಅಲಂಕಾರದ ಮಾತಲ್ಲ, ನಿಜವಾಗಿಯೂ ಬೆನ್ನು. ಟೀವಿ ಹಚ್ಚಿದೊಡನೆ ಅವರು ಜೋಳದ ಮೊರ ಹಿಡಿದು ಗೋಡೆಯ ಕಡೆ ಮುಖಮಾಡಿ ಕಲ್ಲು ಆರಿಸಲು ಕುಳಿತುಬಿಡುತ್ತಿದ್ದರು. "ಈ ಲಂಗೋಟಿ ಮಂದೀನ ನೋಡಿ ನಿಮಗ ಯಾವ ಪುಣ್ಯ ಬರ್ತೈತ್ರಿ" ಎಂದು ಕೇಳುವುದು, ಅದಕ್ಕೆ ರಾಚಯ್ಯನವರು ಒಂದು ತಾಸಿನ ಉತ್ತರ ಕೊಡುವುದು, ಆಕೆ ಒಂದಕ್ಷರವನ್ನೂ ಒಪ್ಪದಿರುವುದು. ಇಪ್ಪತ್ತೆಂಟು ವರ್ಷದ ದಾಂಪತ್ಯ ಹೀಗೆ ಸಾಗಿತ್ತು. ಯಾವ ವಾದದಲ್ಲೂ ಆಕೆ ಸೋತದ್ದನ್ನು ಆ ಓಣಿ ಕಂಡಿರಲಿಲ್ಲ.

ನಿವೃತ್ತಿಯ ಮರುವರ್ಷ ರಾಚಯ್ಯನವರಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಅವುಗಳ ಜೊತೆಗೆ ಮಾತೂ ಹೋಯಿತು. ಕಾಲು ಮೆಲ್ಲಗೆ ತಿರುಗಿ ಬಂತು, ಮಾತು ಬರಲಿಲ್ಲ. ಎಡ ಅಂಗೈಯ ಮೇಲೆ ಲಿಂಗವಿಟ್ಟುಕೊಂಡರೆ ಬಲಗೈ ಏಳದೆ ಬನಶಂಕರಿಯವರೇ ಪತ್ರಿ ಏರಿಸಬೇಕು. ತುಟಿ ಅಲುಗುತ್ತಿತ್ತು, ಮಂತ್ರ ಹೊರಡುತ್ತಿರಲಿಲ್ಲ. ಮಾತು ಕಲಿಸುವ ಫರಹಾನಾ ಎಂಬ ಹುಡುಗಿ ವಾರಕ್ಕೆರಡು ಸಲ ಮನೆಗೆ ಬಂದು ಆಕಳು, ಕೊಡೆ, ಕೀಲಿಗಳ ಚಿತ್ರ ತೋರಿಸುತ್ತಿದ್ದಳು. ಸಾವಿರ ಪುಸ್ತಕ ಓದಿದ ಮನುಷ್ಯನಿಗೆ ಆಕಳ ಚಿತ್ರ ತೋರಿಸಿದರೆ ಏನಾಗಬೇಕು? ಅವರು ಗೋಡೆಯ ಕಡೆ ಹೊರಳಿ ಮಲಗಿದರು. ಟೀವಿಯ ಮೇಲೆ ಧೂಳು ಕುಳಿತಿತ್ತು. ನಾನು ನೋಡಲು ಹೋದಾಗಲೆಲ್ಲ ಆ ಬೆನ್ನನ್ನಷ್ಟೇ ಮಾತಾಡಿಸಿ ಬರುತ್ತಿದ್ದೆ.

ಮೂರನೆಯ ತಿಂಗಳು ಫರಹಾನಾ ನನ್ನೆದುರಿಗೇ ಹೇಳಿದಳು. "ಅಮ್ಮಾರ, ಮಾತು ಸತ್ತಿಲ್ರಿ. ಬರೂ ಹಾದಿ ಕೆಟ್ಟೈತಿ, ಇನ್ನೊಂದು ಹಾದಿ ಹುಡುಕಬೇಕು. ಆದ್ರ ಅವರಿಗೇ ಮನಸ ಇಲ್ಲಂದ್ರ ನಾ ಏನ್ ಮಾಡ್ಲಿ? ಹಿಂಗ ಬಿಟ್ಟರ ಈ ಹಾದೀನೂ ಮುಚ್ಚಿ ಹೋಗ್ತೈತಿ."

ಬನಶಂಕರಿಯವರು ಜೋಳ ಆರಿಸುವುದನ್ನು ನಿಲ್ಲಿಸಿದರು. ನನ್ನನ್ನು ಬಾಗಿಲತನಕ ಕಳಿಸಲು ಬಂದಾಗ ಮೆಲುದನಿಯಲ್ಲಿ, "ಸರ, ಸೋಮವಾರ ನಸುಕಿನ್ಯಾಗ ಬರ್ರಿ. ದೊಡ್ಡಾಟ ಐತಿ" ಎಂದರು. ದಿನಾಂಕ ಆಕೆಗೆ ಹೇಗೆ ತಿಳಿಯಿತೆಂದು ಕೇಳುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ಸೋಮವಾರ ಹೋದಾಗ ಧೂಳು ಒರೆಸಿದ ಟೀವಿ ಹಚ್ಚಿತ್ತು, ಚುರುಮುರಿ ಒಗ್ಗರಣೆಯ ವಾಸನೆ ಮನೆ ತುಂಬಿತ್ತು. ರಾಚಯ್ಯನವರು ಗೋಡೆಗೇ ಮುಖಮಾಡಿದ್ದರು. ಮೆರವಣಿಗಿ ಮಲ್ಲನ ಬೆಂಕಿ ಹೊಗೆಗೆ ಅವರು ಅಲುಗಲಿಲ್ಲ. ಮೂರು ಆಟ ಮುಗಿದು ಡೊಂಕಮೂಗನ ಪ್ರವೇಶದ ವಾದ್ಯ ಕೇಳಿದಾಗ ಮೆಲ್ಲಗೆ ಇತ್ತ ಹೊರಳಿದರು. ಎದುರಾಳಿ ಕೋಣ, ಹೆಸರಿಗೆ ತಕ್ಕ ಗಾತ್ರದವನು. ಆಗ ಬನಶಂಕರಿಯವರು ಮೊರ ಪಕ್ಕಕ್ಕಿಟ್ಟು ಬಂದು, ಜನ್ಮದಲ್ಲಿ ಮೊದಲ ಸಲ ಟೀವಿಗೆ ಮುಖಮಾಡಿ, ಗಂಡನ ಮಂಚದ ಮೇಲೆಯೇ ಕುಳಿತರು.

"ಈ ಕೋಣ ಎಷ್ಟ ಚಂದ ಬೀಳ್ತಾನಲ್ರಿ" ಎಂದರು.

ರಾಚಯ್ಯನವರ ಹುಬ್ಬು ಗಂಟಾಯಿತು. ಕೋಣನಿಗೆ ಬೀಳಲು ಬರುವುದಿಲ್ಲವೆಂಬುದು ಅವರ ಮೂಲಭೂತ ಸತ್ಯಗಳಲ್ಲೊಂದು.

"ಡೊಂಕಮೂಗಗ ಅಷ್ಟ ಬರೂದಿಲ್ಲ ನೋಡ್ರಿ. ಒಂದ ಕುರ್ಚಿ ಎತ್ತಿ ಹೊಡೀಬಾರದೇನು? ಕುರ್ಚಿ ಇದ್ದರ ಆಟಕ್ಕೊಂದು ಕಳಿ."

ನಾನೇ ತಡೆಯಲಾರದೆ ತಿದ್ದಲು ಬಾಯಿ ತೆರೆದೆ. ಆಕೆ ಬೀರಿದ ನೋಟಕ್ಕೆ ತೆರೆದ ಬಾಯಿಗೆ ಚುರುಮುರಿ ಹಾಕಿಕೊಂಡೆ. ರಾಚಯ್ಯನವರ ಉಸಿರು ಬಿಸಿಯಾಗಿತ್ತು, ಕತ್ತಿನ ನರ ಉಬ್ಬಿತ್ತು. ಅಷ್ಟರಲ್ಲಿ ಕೋಣ ಡೊಂಕಮೂಗನನ್ನು ತಲೆಯ ಮೇಲೆತ್ತಿ ಕುಕ್ಕಿ ಅಂಗಾತ ಒತ್ತಿಹಿಡಿದ. ಪಂಚನ ಕೈ ಬಿತ್ತು, ಒಂದು. ಬಿತ್ತು, ಎರಡು. ಮೂರನೆಯ ಸಲ ಬೀಳುವ ಮುನ್ನ ಆ ಮುದಿಹೆಗಲು ನೆಲ ಬಿಟ್ಟು ಎದ್ದಿತು. ಕುರುಡನಿಗೂ ಕಾಣುವಂತೆ ಎದ್ದಿತು.

"ಮೂರ" ಎಂದರು ಬನಶಂಕರಿಯವರು ಮಂಚ ಬಡಿದು. "ಮುಗೀತ. ಸೋತ. ಟೀವಿ ಬಂದ್ ಮಾಡ್ರಿ ಸರ."

ನಾನು ರಿಮೋಟು ಎತ್ತಿಕೊಂಡೆ. ಆಗ ರಾಚಯ್ಯನವರ ಎಡಗೈ ಮಂಚದ ಮೇಲೆ ದಪ್ಪನೆ ಬಿತ್ತು. ಇನ್ನೊಮ್ಮೆ ಬಿತ್ತು. ಮೂರನೆಯ ಸಲ ಎದ್ದು ಗಾಳಿಯಲ್ಲಿ ನಿಂತಿತು. ಬಾಯಿ ಸೊಟ್ಟಗಾಗಿ, ಮುಖವೆಲ್ಲ ಕೆಂಪೇರಿ, ಗಂಟಲೊಳಗೆ ಏನೋ ತಿಕ್ಕಾಡಿತು.

"ಎ... ಎರಡ."

"ಮೂರರಿ" ಎಂದರು ಆಕೆ. ದನಿ ಸ್ವಲ್ಪವೂ ಅಲುಗಲಿಲ್ಲ. "ನಾ ಕಣ್ಣಾರೆ ನೋಡೇನಿ."

"ಸುಳ್ಳ." ಅವರು ಮೊಣಕೈಯೂರಿ ಅರ್ಧ ಎದ್ದೇಬಿಟ್ಟರು. "ಎರಡೂ... ಮುಕ್ಕಾಲ."

ಬನಶಂಕರಿಯವರು ಮುಖ ಆಚೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಇಪ್ಪತ್ತೆಂಟು ವರ್ಷದಲ್ಲಿ ಆಡದ ಮಾತೊಂದನ್ನು ಆಡಿದರು: "ಹೌದ್ರಿ. ನಂದ ತಪ್ಪು." ಡೊಂಕಮೂಗ ಆ ಆಟದಲ್ಲಿ ಎಂದಿನಂತೆ ಸೋತನಂತೆ, ನಾವು ಯಾರೂ ಅದನ್ನು ನೋಡಲಿಲ್ಲ.

ಮಾತೆಲ್ಲ ಒಮ್ಮೆಲೇ ಮರಳಿತೆಂದು ಬರೆದರೆ ಕಥೆಯಾದೀತು. ಇಂದಿಗೂ ಅವರು ಚಮಚಕ್ಕೆ ಕೀಲಿ ಎನ್ನುತ್ತಾರೆ, ನನ್ನ ಹೆಸರು ಬಾರದೆ ಶಿವಪ್ರಕಾಶರ ಹೆಸರಿನಿಂದ ಕರೆಯುತ್ತಾರೆ. ಆದರೆ ಹಾದಿ ತೆರೆಯಿತು. ಫರಹಾನಾ ಆಕಳು ಕೊಡೆಗಳನ್ನು ಚೀಲಕ್ಕೆ ಹಾಕಿ ಮಲ್ಲರ ಚಿತ್ರಗಳನ್ನು ತಂದಳು. ಅವಳಿಲ್ಲದ ದಿನ ಬನಶಂಕರಿಯವರೇ ಪಾಠ ಮಾಡುತ್ತಿದ್ದರು: ಗಳಿಗೆಗೊಂದು ತಪ್ಪು ಅಭಿಪ್ರಾಯ ಹೇಳುವುದು, ತಿದ್ದಿಸಿಕೊಳ್ಳುವುದು, ಸೋಲುವುದು. ಒಂದು ಮುಂಜಾನೆ ಪೂಜೆಯ ಹೊತ್ತಿಗೆ ತುಟಿಯ ಮಂತ್ರಕ್ಕೆ ದನಿಯೂ ಕೂಡಿಕೊಂಡಿತು.

ಹೋದ ತಿಂಗಳು ನಾನು ಅವರ ಮನೆಯಲ್ಲಿದ್ದೆ. ಬಡವಾದ ನಡುವಿಗೆಂದು ಹೊಸ ತೂತು ಕೊರೆದಿದ್ದ ಆ ಚರ್ಮದ ಪಟ್ಟಿ ಈಗ ಹಳೆಯ ತೂತಿಗೇ ಬಂದು ನಿಂತಿತ್ತು. ಬನಶಂಕರಿಯವರು ಎಂದಿನಂತೆ ಟೀವಿಗೆ ಬೆನ್ನು ಮಾಡಿ ಜೋಳ ಆರಿಸುತ್ತಿದ್ದರು. ರಾಚಯ್ಯನವರು ಟೀವಿ ಬಿಟ್ಟು ಆ ಬೆನ್ನನ್ನೇ ನೋಡುತ್ತಿದ್ದವರು, ಒಂದೊಂದೇ ಪದ ಆಯ್ದು, "ನಿನಗ... ಗೊತ್ತಿತ್ತು" ಎಂದರು.

"ಏನ್ರಿ?"

"ಅವತ್ತು. ಎರಡೂಮುಕ್ಕಾಲ... ಅಂತ."

ಆಕೆ ತಿರುಗಲಿಲ್ಲ. "ನನಗೇನ ತಿಳೀತೈತ್ರಿ ಅದರಾಗ" ಎಂದು ಮೊರ ಕೇರಿದರು.

ರಾಚಯ್ಯನವರು ನಕ್ಕರು. ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಪೀಠಸ್ಥ ನ್ಯಾಯಾಧೀಶರ ಗಾಂಭೀರ್ಯದಲ್ಲಿ, ತಮ್ಮ ಜೀವಮಾನದ ಆ ಪರಮ ಪ್ರಶಂಸೆಯನ್ನು ಎರಡನೆಯ ಜೀವಕ್ಕೆ ದಯಪಾಲಿಸಿದರು.

"ಚಲೋ ಬಿದ್ದಿ."

ಅಭಿಮಾನಿ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ: ಪರರನ್ನು ಮೆಚ್ಚುವವನು, ತನ್ನ ಮಾತನ್ನು ಬಿಟ್ಟುಕೊಡದವನು. ಎರಡೂ ಒಂದೇ ದೇಹದಲ್ಲಿ ಕೂಡಿದವರನ್ನು ಲೋಕ ಹುಚ್ಚರೆಂದು ನಗುತ್ತದೆ, ಕೂತಲ್ಲೇ ಕೂತು ಯಾರದೋ ಕುಸ್ತಿಗೆ ತೀರ್ಪು ಕೊಡುವವರೆಂದು ಹಂಗಿಸುತ್ತದೆ, ನಾನೂ ನಕ್ಕವನೇ. ಆದರೆ ಇಂಥವರು ವರ್ಷಗಟ್ಟಲೆ ನೋಡಿ ನೋಡಿ ಒಂದು ಕಣ್ಣನ್ನು ಗಳಿಸಿರುತ್ತಾರೆ. ನಾವೆಲ್ಲ ಎದ್ದು ನಿಂತವರಿಗೆ ಚಪ್ಪಾಳೆ ತಟ್ಟುವಾಗ, ಅವರನ್ನು ಎಬ್ಬಿಸಲೆಂದು ಬಿದ್ದವರು ಯಾರೆಂದು ಆ ಕಣ್ಣು ಹುಡುಕುತ್ತದೆ, ಆ ಬಿದ್ದವರು ತನ್ನ ಮನೆಯಲ್ಲೇ ಗೋಡೆಗೆ ಮುಖಮಾಡಿ ಕುಳಿತಿದ್ದರೂ ಗುರುತು ಹಿಡಿಯುತ್ತದೆ.